ಶಾವಿಗೆಗೆ ಕಾಯಿಸಿ ಆರಿಸಿದ ನೀರು

ಏಪ್ರಿಲ್ ೨೭, ರವಿವಾರ

ಪ್ರಿಯದರ್ಶಿನಿ ಬಂದು ಹೋದಳು. ಬರುವಾಗ ಕೈಯಲ್ಲಿ ಪಂಜರವಿತ್ತು, ಹೋಗುವಾಗ ಕೈ ಬೀಸಿಕೊಂಡು ಹೋದಳು. ಇವಳು ನನ್ನ ತಂಗಿಯ ಮಗಳು, ಪುಣೆಯಲ್ಲಿ ಹಲ್ಲಿನ ಡಾಕ್ಟರು. ಮಂದಿಯ ಬಾಯಿ ತೆರೆಸುವುದು ಅವಳ ಉದ್ಯೋಗ. ನನ್ನ ಬಾಯಿಯನ್ನು ಮಾತ್ರ ಮುಚ್ಚಿಸಿ ಹೋದಳು.

ಪಂಜರದಲ್ಲಿ ಎರಡು ಪ್ರಾಣಿಗಳಿವೆ. ಫೆರೆಟ್ ಅಂತೆ. ಇಲಿ ಎನ್ನೋಣವೆಂದರೆ ಉದ್ದ ಹೆಚ್ಚಾಯಿತು, ಮುಂಗುಸಿ ಎನ್ನೋಣವೆಂದರೆ ಗತ್ತು ಸಾಲದು. ಒಂದು ಬಿಳಿ, ಕಣ್ಣು ಕೆಂಪು. ಇನ್ನೊಂದು ಕಂದು, ಕಣ್ಣಿನ ಸುತ್ತ ಕಳ್ಳರ ಹಾಗೆ ಕಪ್ಪು ಪಟ್ಟಿ. ಬಿಳಿಯದರ ಹೆಸರು ನೂಡಲ್, ಕಂದಿನದು ಮೋಚಾ. ದೇವರ ಹೆಸರಿಟ್ಟಿದ್ದರೆ ಕರೆದಾಗಲೆಲ್ಲ ಅಷ್ಟಿಷ್ಟು ಪುಣ್ಯವಾದರೂ ಬರುತ್ತಿತ್ತು. ವಾಸನೆ ತಾಳದೆ ಪುಣೆಯ ಮನೆಯ ಮಾಲಕರು ಇವಳನ್ನು ಮನೆ ಬಿಡಿಸಿದ್ದಾರೆ. ಆ ವಾಸನೆ ಈಗ ನನ್ನ ಮನೆಗೆ ಬಂದಿದೆ.

"ದೊಡ್ಡವ್ವ, ಎಂಟ ದಿನ ಅಷ್ಟ. ಹೊಸಾ ಮನಿ ಸಿಕ್ಕ ಕೂಡ್ಲೆ ಬಂದು ಒಯ್ತೇನಿ. ಇವಕ್ಕ ನೀರು ಮಾತ್ರ ಕಾಯ್ಸಿ ಆರ್ಸಿ ಕೊಡಬೇಕು. ಬೋರಿನ ನೀರು ಬ್ಯಾಡ. ಸೆಕಿ ತಡಕೊಳ್ಳಂಗಿಲ್ಲ."

"ನಾ ಕುಡಿಯೋದ ನಳದ ನೀರು, ಅರಿವಿ ಕಟ್ಟಿ ಸೋಸಿದ್ದು. ಇವೇನು ನನಗಿಂತ ದೊಡ್ಡ ಮಂದಿಯೇನು?"

"ಇವಕ್ಕ ರೂಢಿ ಇಲ್ಲ ದೊಡ್ಡವ್ವ."

ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ನಾನೇ ಬೋರ್ಡಿನ ಮೇಲೆ ಬರೆದಿದ್ದೇನೆ, ನೀರನ್ನು ಕುದಿಸಿ ಆರಿಸಿ ಕುಡಿಯಬೇಕೆಂದು. ಮಕ್ಕಳು ಬರೆದುಕೊಂಡು, ಗಂಟೆ ಬಾರಿಸಿದೊಡನೆ ಓಡಿಹೋಗಿ ನಳಕ್ಕೆ ಬಾಯಿ ಹಚ್ಚುತ್ತಿದ್ದರು. ಅವರ ಹಿಂದೆ ನಾನೂ ಹೋಗುತ್ತಿದ್ದೆ. ಪಾಠ ಇರುವುದು ಪರೀಕ್ಷೆಗೆ.

ಪಂಜರವನ್ನು ಹಿತ್ತಲಿನ ಹಳೆಯ ಬಚ್ಚಲಲ್ಲಿ ಇಟ್ಟಿದ್ದೇನೆ. ಅಷ್ಟು ಸಾಕು.

ಏಪ್ರಿಲ್ ೨೮, ಸೋಮವಾರ

ನಳ ಬರಲಿಲ್ಲ. ಹೊಳೆದಂಡೆಯ ಮೋಟರ್ ಸುಟ್ಟಿದೆಯಂತೆ.

ನಮ್ಮದು ಮುಳುಗಡೆಯ ಊರು. ಹಳೆಯ ಊರು ಕೃಷ್ಣೆಯ ಹಿನ್ನೀರಿನ ಕೆಳಗಿದೆ. ನಾವು ಮೇಲೆ, ಸರ್ಕಾರ ಕೊಟ್ಟ ಸಾಲು ಪ್ಲಾಟುಗಳಲ್ಲಿದ್ದೇವೆ. ಮಾಳಿಗೆ ಹತ್ತಿದರೆ ಆಲಮಟ್ಟಿಯ ಕಡೆಗೆ ಕಣ್ಣು ಹಾಯುವಷ್ಟು ದೂರ ನೀರು ಕಾಣುತ್ತದೆ, ಕೆಳಗಿಳಿದರೆ ಕೊಡ ಖಾಲಿ. ಊರು ಮುಳುಗಿಸುವಾಗ ಕರೆಯದೆಯೇ ಅಡುಗೆಮನೆಯ ತನಕ ಬಂದ ನೀರಿಗೆ ಈಗ ನಳದ ತನಕ ಬರಲು ಮೋಟರ್ ಬೇಕು.

ನೀರು ಬಿಡುವ ಪರಶು ಸೈಕಲ್ ಮೇಲೆ ಹೋಗುತ್ತಿದ್ದ. ನಿಲ್ಲಿಸಿ ಕೇಳಿದೆ.

"ನಾಳಿ ಬರ್ತೈತ್ರಿ ಅಕ್ಕೋರ."

ಅವನು ನನ್ನ ಶಿಷ್ಯ. ಕಾಲಗಳ ಪಾಠದಲ್ಲಿ ಅವನ ತಲೆಗೆ ಹತ್ತಿದ್ದು ಭವಿಷ್ಯತ್ಕಾಲ ಒಂದೇ.

ನನ್ನ ಹತ್ತಿರ ಎರಡು ಕೊಡ ಕುಡಿಯುವ ನೀರು, ಹಿತ್ತಲಿನ ಬ್ಯಾರಲ್ಲಿನಲ್ಲಿ ಬಳಸುವ ನೀರು ಇವೆ. ಬ್ಯಾರಲ್ಲಿಗೆ ಬೀಗ ಹಾಕಿದ್ದೇನೆ. ಪಕ್ಕದ ಮನೆಯ ಜೋಹರಾಬಿಯ ಮೇಲೆ ನನಗೆ ಭರವಸೆ ಇಲ್ಲ. ನಾಲ್ಕು ವರ್ಷದಿಂದ ನಮ್ಮಿಬ್ಬರಿಗೆ ಮಾತಿಲ್ಲ. ಅವಳು ನಳದ ಪೈಪಿಗೆ ನೇರವಾಗಿ ಮೋಟರ್ ಹಚ್ಚಿ ಓಣಿಯ ನೀರನ್ನೆಲ್ಲ ಎಳೆದುಕೊಳ್ಳುತ್ತಾಳೆ. ಇದು ಕಾನೂನಿಗೆ ವಿರುದ್ಧ. ನಾನೂ ಒಂದು ಮೋಟರ್ ಇಟ್ಟುಕೊಂಡಿದ್ದೇನೆ, ಆದರೆ ಅದು ಆತ್ಮರಕ್ಷಣೆಗೆ.

ಪ್ರಾಣಿಗಳಿಗೆ ಬೋರಿನ ನೀರು ಇಟ್ಟೆ. ಸವಳು ಅಂದರೆ ಸವಳು, ಬೇಳೆ ಬೇಯುವುದಿಲ್ಲ. ಬಿಳಿಯದು ಮೂಸಿ ನೋಡಿ, ನನ್ನ ಮುಖ ನೋಡಿ, ಬಟ್ಟಲನ್ನು ಕಾಲಿನಿಂದ ಮಗುಚಿ ಹಾಕಿತು. ಡಾಕ್ಟರ ಮನೆಯ ಸೊಕ್ಕು.

ಏಪ್ರಿಲ್ ೩೦, ಬುಧವಾರ

ಪರಶು ಹೇಳಿದ ನಾಳೆ ನಿನ್ನೆ ಆಗಿಹೋಯಿತು.

ಎದುರುಮನೆಯ ಸಾತವ್ವನ ಮಗ ಅರಿವೆ ಒಗೆಯಲು ಬಂಡಿಯಲ್ಲಿ ಹಿನ್ನೀರು ತಂದಿದ್ದ. ಬೇಸಿಗೆಯಲ್ಲಿ ಹೊಳೆ ಹಿಂದೆ ಸರಿದು ದಂಡೆಯೆಲ್ಲ ಕೆಸರು. ಆ ಕೆಸರು ತುಳಿದು ತರಬೇಕು. ನೀರು ತುಸು ಹಸಿರಾಗಿತ್ತು. ಒಂದು ತಂಬಿಗೆ ಇಸಿದುಕೊಂಡು ಮೂರು ಮಡಿಕೆಯ ಅರಿವೆಯಲ್ಲಿ ಸೋಸಿ ಅವುಗಳ ಮುಂದೆ ಇಟ್ಟೆ. ಕುಡಿದವು. ಬಾಯಾರಿದರೆ ಎಲ್ಲರಿಗೂ ಬುದ್ಧಿ ಬರುತ್ತದೆ.

ಕಾಯಿಸಬೇಕಂತೆ. ಗ್ಯಾಸ್ ಸಿಲಿಂಡರ್ ಪುಣೆಯಿಂದ ಬರುತ್ತದೆಯೇ? ನಮ್ಮಜ್ಜ ಇದೇ ಹೊಳೆಯ ನೀರು ಕುಡಿದು ತೊಂಬತ್ತು ವರ್ಷ ಬಾಳಿದ. ಫೋನಿನಲ್ಲಿ ಪ್ರಿಯದರ್ಶಿನಿಗೆ, "ಕಾಯ್ಸೇ ಕೊಡಾಕತ್ತೇನಿ" ಎಂದೆ. ಬಿಸಿಲಿಗೆ ಬೆಚ್ಚಗಾಗಿಯೇ ಇತ್ತು, ಪೂರಾ ಸುಳ್ಳಲ್ಲ.

ಮೇ ೧, ಗುರುವಾರ

ಬಿಳಿಯದಕ್ಕೆ ಹೊಟ್ಟೆ ಕೆಟ್ಟಿದೆ. ಬಚ್ಚಲು ನೋಡುವ ಹಾಗಿಲ್ಲ. ಬಿಸಿಲಿಗೆ ಹೀಗಾಗಿರಬೇಕು. ನೀರಿನಿಂದ ಅಲ್ಲ.

ದನದ ಡಾಕ್ಟರ ಕೈಕೆಳಗೆ ಕೆಲಸ ಮಾಡುವ ಕಾಂತುಗೆ ಫೋನ್ ಹಚ್ಚಿದೆ.

"ಅಕ್ಕೋರ, ನನಗ ಎಮ್ಮಿ ಗೊತ್ತೈತಿ, ಆಡು ಗೊತ್ತೈತಿ, ಸಾಹೇಬರ ನಾಯಿ ಒಂದ ಗೊತ್ತೈತಿ. ಇದು ಮೇಯ್ತೈತೋ, ಬೊಗಳ್ತೈತೋ?"

"ಎರಡೂ ಇಲ್ಲ. ಮಲಗ್ತೈತಿ."

"ಹಂಗಾರ ಸಣ್ಣ ಕೂಸಿಗೆ ಮಾಡಿದಂಗ ಮಾಡ್ರಿ. ಕಾಯ್ಸಿ ಆರ್ಸಿದ ನೀರಾಗ ಚೂರು ಸಕ್ಕರಿ, ಚಿಟಿಕಿ ಉಪ್ಪು. ಹನಿ ಹನಿ ಹಾಕ್ಕೋತ ಇರ್ರಿ. ನೀರು ಕಮ್ಮಿ ಆತಂದ್ರ ಇಂಥಾ ಸಣ್ಣ ಜೀವ ಎರಡ ದಿನಾನೂ ತಡಿಯಂಗಿಲ್ಲ."

ಎಲ್ಲರೂ ಕಾಯಿಸಿ ಆರಿಸಿ ಅನ್ನುತ್ತಾರೆ. ಕೂಡಿಕೊಂಡೇ ಮಾತಾಡಿದ ಹಾಗಿದೆ.

ಪಂಜರವನ್ನು ಪಡಸಾಲೆಗೆ ತಂದೆ. ಬಚ್ಚಲು ತೊಳೆಯಲು ಅನುಕೂಲವಾಗಲೆಂದು.

ಮೇ ೨, ಶುಕ್ರವಾರ

ಅದು ಸತ್ತರೆ ನಾನು ಪ್ರಿಯದರ್ಶಿನಿಗೆ ಏನು ಹೇಳಲಿ? ಇದೊಂದೇ ಚಿಂತೆ. ಬೇರೇನೂ ಇಲ್ಲ.

ನಾಣ್ಯ ಹಾಕಿದರೆ ನೀರು ಕೊಡುವ ಶುದ್ಧ ನೀರಿನ ಘಟಕಕ್ಕೆ ಕೊಡ ಹೊತ್ತು ಹೋದೆ. ಬಾಗಿಲಿಗೆ ಬೀಗ, ಮೇಲೆ ಉದ್ಘಾಟನೆಯ ಫಲಕ. ಫಲಕ ಮಾತ್ರ ಶುದ್ಧವಾಗಿದೆ. ಮಧ್ಯಾಹ್ನ ಒಂದು ಟ್ಯಾಂಕರ್ ಬಂತು. ಜಗಳಾಡಿ ಎರಡು ಕೊಡ ಹಿಡಿದೆ. ಸಾತವ್ವನ ಕೊಡ ನನ್ನ ಮೊಣಕೈಗೆ ಬಡಿದಿದೆ, ನನ್ನದು ಯಾರಿಗೆ ಬಡಿಯಿತೋ ನೋಡಲಿಲ್ಲ. ಜೋಹರಾಬಿ ಸಾಲಿನ ಕೊನೆಯಲ್ಲಿದ್ದಳು. ಅವಳ ಸೊಸೆ ಯಾಸ್ಮಿನ ಹಡೆದು ಇನ್ನೂ ತಿಂಗಳಾಗಿಲ್ಲ. ಬಾಣಂತಿಯ ಮನೆಗೆ ಒಂದು ಕೊಡ ಹೆಚ್ಚಿಗೆ ಬೇಕು. ಟ್ಯಾಂಕರಿನ ನೀರು ಸಾಲಿನ ಕೊನೆಯ ತನಕ ಮುಟ್ಟಲಿಲ್ಲ, ಅವಳಿಗೆ ಅರ್ಧ ಕೊಡ ಸಿಕ್ಕಿತು. ನಾನು ಮುಖ ತಿರುಗಿಸಿದೆ. ಮಾತಿಲ್ಲದ ಮೇಲೆ ನೋಡುವುದೇಕೆ.

ಮನೆಗೆ ಬಂದು ನೀರು ಕುದಿಸಿ, ಹಾಲಿನ ದೊಡ್ಡ ಸ್ಟೀಲ್ ಕ್ಯಾನು ತೊಳೆದು ಅದರಲ್ಲಿ ಆರಿಸಿದೆ. ಸಕ್ಕರೆ, ಉಪ್ಪು ಕಲಸಿ ಔಷಧಿಯ ಡ್ರಾಪರಿನಿಂದ ಬಾಯಿಯ ಮೂಲೆಯಲ್ಲಿ ಹನಿ ಬಿಟ್ಟೆ. ಮೊದಲು ಹೊರಗೆ ಚೆಲ್ಲಿತು. ಆಮೇಲೆ ನುಂಗಿತು. ಮೈ ಹಗುರಾಗಿ ಉದ್ದಕ್ಕೆ ಜೋತು ಬಿದ್ದಿದೆ, ಒಣಗಲು ಹಾಕಿದ ಶಾವಿಗೆಯ ಹಾಗೆ. ನೂಡಲ್ ಎಂದರೆ ಶಾವಿಗೆಯೇ ತಾನೆ. ನನಗೆ ಅದು ಬಾಯಿಗೆ ಸರಾಗ.

ಪಡಸಾಲೆಯಲ್ಲಿ ಸೆಕೆ. ಮನೆಯಲ್ಲಿ ತಂಪಿರುವುದು ದೇವರ ಕೋಣೆಯ ಕಲ್ಲುಹಾಸು ಒಂದೇ. ಅಲ್ಲಿ ಹಸಿ ಗೋಣಿಚೀಲ ಹಾಸಿ ಎರಡನ್ನೂ ಬಿಟ್ಟಿದ್ದೇನೆ. ದೇವರ ಅಪ್ಪಣೆ ಕೇಳಲಿಲ್ಲ. ಅವನೂ ಮೂರು ದಿನದಿಂದ ಅಭಿಷೇಕವಿಲ್ಲದೆ ಕೂತಿದ್ದಾನೆ, ಜೊತೆಗೆ ಯಾರಾದರೂ ಇರಲಿ.

ಸ್ನಾನ ಮಾಡಲಿಲ್ಲ. ಈ ವಯಸ್ಸಿನಲ್ಲಿ ದಿನಾ ಸ್ನಾನ ಚರ್ಮಕ್ಕೆ ಒಳ್ಳೆಯದಲ್ಲ.

ಮೇ ೩, ಶನಿವಾರ

ತಾಸಿಗೊಮ್ಮೆ ಹನಿ. ಕಂದಿನದು, ಅಂದರೆ ಮೋಚಾ, ನನ್ನ ಬಾಯಲ್ಲಿ ಚಾಪುಡಿ, ಗಟ್ಟಿಮುಟ್ಟಾಗಿದೆ. ಅದಕ್ಕೆ ಬೇಕಾದದ್ದು ನನ್ನ ಕಾಲುಚೀಲ ಮಾತ್ರ. ಶಾವಿಗೆ ಇನ್ನೂ ತಾನಾಗಿ ಕುಡಿಯುತ್ತಿಲ್ಲ.

ಸಾತವ್ವ ಬಾಗಿಲಲ್ಲಿ ನಿಂತು ನಕ್ಕಳು. "ಮಂದಿಗಿ ಕುಡಿಯಾಕ ನೀರಿಲ್ಲ, ಅಕ್ಕೋರ ಇಲಿಗೆ ಕಾಯ್ಸಿ ಆರ್ಸಿ ಕೊಡಾಕತ್ತಾರ. ನಾಳಿ ಲೋಟದಾಗ ಹಾಲೂ ಕೊಡ್ತಾರ."

"ಇಲಿ ಅಲ್ಲ" ಎಂದೆ. ಅಷ್ಟು ಸಿಟ್ಟು ಬರುವಂಥದ್ದೇನಿತ್ತು, ತಿಳಿಯದು.

ಮೇ ೪, ರವಿವಾರ

ಇಂದು ಮುಂಜಾನೆ ಸಾತವ್ವ ಕಿಡಕಿಯಿಂದ ಒಳಗೆ ಬಗ್ಗಿ ನೋಡಿದಾಗ ಚಾಪುಡಿ ಹಿಂಗಾಲ ಮೇಲೆ ನಿಂತು ಅವಳನ್ನೇ ನೋಡಿತು. ಅವಳ ಕೈ ತಾನಾಗಿ ಮುಗಿಯಿತು.

"ಯವ್ವ, ಇದು ಮುಂಗುಸಿ ಅಲ್ರಿ? ಅಲ್ಲಿ ಮಲಗಿದ್ದು ಬಿಳೀ ಮುಂಗುಸಿ! ಮುಂಜಾನೆದ್ದು ಮುಂಗುಸಿ ಮಾರಿ ನೋಡಿದ್ರ ಕೆಲಸ ಆದಂಗ. ಅದರಾಗ ಬಿಳೀದು ಅಂದ್ರ..."

ನಾನು ತಿಳಿಸಿ ಹೇಳಿದೆ. ಇದು ಹೊರದೇಶದ ಪ್ರಾಣಿ, ಕುಲ ಬೇರೆ, ಗೋತ್ರ ಬೇರೆ ಎಂದೆ. ಮೂವತ್ತು ವರ್ಷ ಕಲಿಸಿದವಳ ಮಾತು ಕೇಳದವರು ಆಮೇಲೆ ಕೇಳುತ್ತಾರೆಯೇ? ಅರ್ಧ ತಾಸಿನಲ್ಲಿ ಓಣಿಯೆಲ್ಲ ಕಿಡಕಿಗೆ ಬಂತು. ಎಲ್ಲರ ಬೇಡಿಕೆ ಒಂದೇ, ನಳ ಬರಲಿ.

ಪಂಚಾಯಿತಿ ಮೆಂಬರ್ ದುಂಡೇಶನೂ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಈ ಬರದಲ್ಲಿ ಅಂಗಿ ಎಲ್ಲಿ ಒಗೆಸುತ್ತಾನೋ. ಅವನು ನೀರು ಕೇಳಲಿಲ್ಲ, ಅಧ್ಯಕ್ಷಗಿರಿ ಕೇಳಿದ. ಕಣ್ಣು ಮುಚ್ಚಿ ತುಟಿ ಅಲುಗಿಸುವಾಗ ನನಗೆ ಕೇಳಿಸಿತು.

"ಅಕ್ಕೋರ, ಈ ಬಿಳೀದು ಯಾಕ ಎದ್ದು ನಿಂದ್ರವಲ್ದು?"

"ಅದಕ್ಕ ಆರಾಮಿಲ್ಲ. ನೀನು ಮೆಂಬರ್ ಅದೀಯಲ್ಲ, ಒಂದು ಕೊಡ ಚಲೋ ನೀರು ಕಳಿಸು, ಎದ್ದು ನಿಂದಿರ್ತೈತಿ."

ಮಧ್ಯಾಹ್ನಕ್ಕೆ ಅವನ ಮನೆಯಿಂದ ಎರಡು ಕೊಡ ಬಂದವು. ಏಳು ದಿನದಲ್ಲಿ ಓಣಿಗೆ ಎರಡನೆಯ ಟ್ಯಾಂಕರ್ ತರಿಸಲು ಆಗದವನಿಗೆ ಮುಂಗುಸಿಗೆಂದರೆ ಎರಡು ಕೊಡ ಸಿಕ್ಕವು. ನನಗೆ ಸಿಟ್ಟು ಬಂತು, ಆದರೆ ಕೊಡ ತಿರುಗಿಸಿ ಕಳಿಸಲಿಲ್ಲ. ಕುದಿಸಿ ಕ್ಯಾನು ತುಂಬಿಸಿದೆ.

ಮೇ ೫, ಸೋಮವಾರ

ಇಂದಿನದನ್ನು ಬರೆಯಲೇಬೇಕು.

ಮಧ್ಯಾಹ್ನ ಊಟದ ಹೊತ್ತಿಗೆ ಪರಶು ಸೈಕಲ್ ಗಂಟೆ ಬಾರಿಸುತ್ತ ಬಂದ. ಮೋಟರ್ ರಿಪೇರಿ ಆಯಿತಂತೆ. "ಸಂಜಿ ಐದಕ್ಕ ನೀರು ಬಿಡ್ತೇನ್ರಿ, ಪಕ್ಕಾ." ಓಣಿಯೆಲ್ಲ ನನ್ನ ಕಿಡಕಿಗೆ ಕೈ ಮುಗಿಯಿತು. ನಿನ್ನೆ ಮಾರಿ ನೋಡಿದರು, ಇಂದು ನೀರಿನ ಸುದ್ದಿ ಬಂತು, ಇನ್ನೇನು ಸಾಕ್ಷಿ ಬೇಕು. ಸಾತವ್ವ ಚೂರು ಬೆಲ್ಲ ತಂದು ಹೊಸ್ತಿಲ ಮೇಲೆ ಇಟ್ಟಳು.

ಆಮೇಲೆ ಎಲ್ಲರೂ ಹಳೆಯ ನೀರು ಚೆಲ್ಲಲು ನಿಂತರು.

ನಮ್ಮಲ್ಲಿ ಹೊಸ ನೀರು ಬರುವ ಹೊತ್ತಿಗೆ ಹಳೆಯ ನೀರು ಕೊಡದಲ್ಲಿ ಇರಬಾರದು. ನಿನ್ನೆ ತುಂಬಿದ್ದು ಹಳಸಲು. ಅದರ ಮೇಲೆ ಹೊಸದನ್ನು ಸುರಿದರೆ ಹೊಸದೂ ಹಳಸಲು. ಕೊಡ ಬೋರಲು ಹಾಕಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಬೆಳಗಿ ಇಡಬೇಕು. ನಮ್ಮವ್ವ ಹಾಗೆ ಮಾಡುತ್ತಿದ್ದಳು. ಹಳೆಯ ಊರಿನಲ್ಲಿ ಹೊಳೆ ಬಾಗಿಲಲ್ಲೇ ಇತ್ತು, ಚೆಲ್ಲಿದರೆ ನಡೆಯುತ್ತಿತ್ತು. ಊರು ಬಿಟ್ಟು ಬಂದೆವು, ಚೆಲ್ಲುವುದನ್ನು ಬಿಡಲಿಲ್ಲ.

ಎಂಟು ದಿನ ಬಡಿದಾಡಿ ಕೂಡಿಟ್ಟ ನೀರು ಗಟಾರಕ್ಕೆ ಹರಿಯಿತು. ಮೊನ್ನೆ ಕೊಡದಿಂದ ನನ್ನ ಮೊಣಕೈಗೆ ಬಡಿದಳಲ್ಲ ಸಾತವ್ವ, ಅದೇ ಕೊಡದ ನೀರನ್ನು ರಸ್ತೆಗೆ ಎರಚಿ ಧೂಳು ಅಡಗಿಸಿದಳು. ನಾನೂ ಚೆಲ್ಲಿದೆ. ಕೊಡ, ಬ್ಯಾರಲ್ಲು ಎಲ್ಲ ಖಾಲಿ ಮಾಡಿ, ಬ್ಯಾರಲ್ಲಿನೊಳಗೆ ಅರ್ಧ ಮೈ ಇಳಿಸಿ ತಿಕ್ಕಿದೆ. ಶಾವಿಗೆಯ ಕ್ಯಾನಿನ ಮೇಲೂ ಕೈ ಇಟ್ಟೆ. ಅದು ದೇವರ ಕೋಣೆಯಿಂದ ತಲೆ ಎತ್ತಿ ನೋಡಿತು. ಕಾಯಿಸಿದ ನೀರು ಹಳಸುವುದಿಲ್ಲವೆಂದು ನನಗೆ ನಾನೇ ಹೇಳಿಕೊಂಡು ಮುಚ್ಚಳ ಹಾಕಿದೆ. ಅದು ತಾಸಿಗೊಮ್ಮೆ ಕುಡಿಯಬೇಕು, ಹೊಸ ನೀರು ಕುದ್ದು ಆರುವ ತನಕ ಯಾರು ಕಾಯುತ್ತಾರೆ.

ಐದಕ್ಕೆ ಎಲ್ಲ ನಳಗಳ ಬುಡದಲ್ಲೂ ಕೊಡ. ನಳ ಮೊದಲು ಸೀನಿತು. ಆಮೇಲೆ ಉಸಿರೆಳೆಯಿತು. ಚಹಾದ ಬಣ್ಣದ ಒಂದು ಚರಿಗೆ ನೀರು ಉಗುಳಿ ಸುಮ್ಮನಾಯಿತು. ಊರ ಹೊರಗೆ ದೊಡ್ಡ ಪೈಪು ಒಡೆದಿದೆಯಂತೆ. ಎಂಟು ದಿನ ಒಣಗಿದ್ದ ಪೈಪಿಗೆ ಒಮ್ಮೆಲೇ ನೀರು ನುಗ್ಗಿಸಿದರೆ ಇನ್ನೇನಾಗುತ್ತದೆ.

ಬೆಳಗಿದ ಕೊಡಗಳು ಸಾಲಾಗಿ ಫಳಫಳ ಹೊಳೆಯುತ್ತಿದ್ದವು. ಕೊನೆಗೆ ಸಾತವ್ವನೇ ಕಾರಣ ಕಂಡುಹಿಡಿದಳು.

"ಬಿಳೀದರ ಮಾರಿ ನೋಡಬೇಕಿತ್ತು. ನಾವು ಮೊದಲ ನೋಡಿದ್ದು ಕರೀದರದು."

ಮೇ ೬, ಮಂಗಳವಾರ

ಮೊದಲು ಬಂದವಳು ಸಾತವ್ವ. ಕೈಯಲ್ಲಿ ಲೋಟ. "ಅಕ್ಕೋರ, ನಮ್ಮ ಮಾವಗ ಗುಳಿಗಿ ನುಂಗಾಕ ಗುಟುಕು ನೀರಿಲ್ರಿ. ಆ ಮುಂಗುಸಿ ನೀರು..."

"ಇಲಿ ನೀರು" ಎಂದೆ.

ತಲೆ ತಗ್ಗಿಸಿದಳು. ಲೋಟ ತುಂಬಿ ಕೊಟ್ಟೆ. ನಾನು ಕಲ್ಲುಮನಸ್ಸಿನವಳಲ್ಲ, ನೆನಪಿಸಬೇಕಿತ್ತು ಅಷ್ಟೇ.

ಆಮೇಲೆ ಸಾಲು. ಪೈಪು ಕೂಡಿಸಲು ಎರಡು ಮೂರು ದಿನ ಬೇಕು, ಟ್ಯಾಂಕರ್ ಬರುವುದು ನಾಳೆ. ಒಂದು ಮನೆಗೆ ಒಂದು ಲೋಟ ಎಂದು ಹೇಳಿದೆ. ಕಾಯಿಸಿದ ನೀರು ಸಪ್ಪೆ ಅನ್ನುತ್ತಿದ್ದವರೆಲ್ಲ ಕುಡಿದು ತುಟಿ ಒರೆಸಿಕೊಂಡು "ಭಾರಿ ರುಚಿ ಐತ್ರಿ" ಎಂದರು. ದುಂಡೇಶ ಬಂದು, ಕ್ಯಾನಿನ ಪಕ್ಕ ನಿಂತು, ಇದು ತಾನೇ ಕಳಿಸಿದ ನೀರೆಂದು ಎಲ್ಲರಿಗೂ ಹೇಳಿದ. ಫೋಟೋ ತೆಗೆಸಿಕೊಂಡ. ಅವನಿಗೂ ಒಂದೇ ಲೋಟ ಕೊಟ್ಟೆ. ಫೋಟೋದಲ್ಲಿ ಅದು ಚೆನ್ನಾಗಿ ಬಂದಿದೆಯಂತೆ.

ಊಟದ ಹೊತ್ತಿಗೆ ಕ್ಯಾನಿನ ತಳ ಕಂಡಿತು. ಒಂದು ತಂಬಿಗೆಯಷ್ಟು ಉಳಿದಿತ್ತು. ಅದು ಶಾವಿಗೆಯದು. ಮುಚ್ಚಳ ಒತ್ತಿ ಬಾಗಿಲು ಹಾಕಿಕೊಂಡೆ.

ಆಗ ಗೋಡೆಯಾಚೆ ಜೋಹರಾಬಿಯ ಮನೆಯ ಕೂಸು ಅತ್ತಿತು. ಅವರ ಮನೆಯಿಂದ ಯಾರೂ ಸಾಲಿಗೆ ಬಂದಿರಲಿಲ್ಲ. ಬರುವುದಿಲ್ಲವೆಂದು ನನಗೆ ಗೊತ್ತು. ಜೋಹರಾ ಬಾಯಾರಿ ಸತ್ತಾಳು, ನನ್ನ ಬಾಗಿಲಿಗೆ ಬರಲಾರಳು. ನಾನಾದರೂ ಹಾಗೇ ಮಾಡುತ್ತಿದ್ದೆ. ಅವಳ ಗಂಡ ದಸ್ತಗೀರಸಾಬರು ನೀರಿಗೆಂದು ಮುಂಜಾನೆಯೇ ಕೊಲ್ಹಾರಕ್ಕೆ ಹೋದವರು ಇನ್ನೂ ಬಂದಿರಲಿಲ್ಲ. ಕೂಸು ಅಳುತ್ತಲೇ ಇತ್ತು. ಬಾಣಂತಿ ನೀರು ಕುಡಿಯದಿದ್ದರೆ ಕೂಸಿಗೆ ಹಾಲೆಲ್ಲಿಂದ ಬರಬೇಕು.

ಇತ್ತ ಶಾವಿಗೆ ಗೋಣಿಚೀಲದ ಮೇಲೆ ಕಣ್ಣು ಅರ್ಧ ಮುಚ್ಚಿ ಬಿದ್ದಿತ್ತು. ಹನಿ ಹಾಕುವ ಹೊತ್ತಾಗಿತ್ತು. ನಾನು ತಂಬಿಗೆ ಹಿಡಿದು ನಡುಮನೆಯಲ್ಲಿ ನಿಂತೆ. ಎಷ್ಟು ಹೊತ್ತು ನಿಂತೆನೋ. ಈ ಪ್ರಾಣಿಗೆ ಬೋರಿನ ನೀರು ಇಟ್ಟಾಗ ಇಷ್ಟು ಯೋಚಿಸಿರಲಿಲ್ಲ.

ಡ್ರಾಪರಿನಲ್ಲಿ ಹಿಡಿಸುವಷ್ಟು ಬಟ್ಟಲಿಗೆ ತೆಗೆದಿಟ್ಟೆ. ಉಳಿದದ್ದನ್ನು ಒಯ್ದು ಹಿತ್ತಲಿನ ಗೋಡೆಯ ಮೇಲೆ, ಅವರ ಕಡೆಗೆ ಸರಿಸಿ ಇಟ್ಟೆ. ಸೌಟಿನಿಂದ ಎರಡು ಸಲ ಗೋಡೆ ಬಡಿದು ಒಳಗೆ ಬಂದೆ. ಮಾತಾಡಲಿಲ್ಲ. ತಂಬಿಗೆ ಇಡುವುದು ಮಾತಾಡಿದ ಹಾಗಲ್ಲ.

ತುಸು ಹೊತ್ತಿನಲ್ಲಿ ಕೂಸಿನ ಅಳು ನಿಂತಿತು. ನಾನು ಬಟ್ಟಲಿನಲ್ಲಿದ್ದುದನ್ನು ಶಾವಿಗೆಯ ಬಾಯಿಗೆ ಹನಿಸಿದೆ, ಮುಗಿಯಿತು. ಇನ್ನು ಮುಂದಿನ ತಾಸಿಗೆ ಏನು? ಖಾಲಿ ಕ್ಯಾನನ್ನು ಬೋರಲು ಹಾಕಿ ಕೂತೆ. ಅತ್ತೆ. ಸಂಬಳ ಬಾರದ ದಿನಗಳಲ್ಲೂ ನಾನು ಯಾರ ಮುಂದೂ ಅತ್ತವಳಲ್ಲ. ಇಂದೂ ಅಲ್ಲ, ಮುಂದಿದ್ದದ್ದು ಚಾಪುಡಿ.

ಆಗ ಗೋಡೆಯ ಮೇಲೆ ಎರಡು ಬಡಿತ ಕೇಳಿಸಿತು. ಹೋಗಿ ನೋಡಿದರೆ ತಂಬಿಗೆ ತಿರುಗಿ ಬಂದಿದೆ, ಅರ್ಧ ನೀರು ಅದರಲ್ಲೇ ಇದೆ. ಗೋಡೆಯಾಚೆ ಜೋಹರಾಳ ತಲೆ.

"ಇಂದಕ್ಕ, ಯಾಸ್ಮಿನಗ ಸಾಕಾತು. ಇದು ನಿಮ್ಮ ಶಾವಗಿಗೆ ಹಾಕ್ರಿ. ಅವರು ಬರೋತನಕ ನಡೀತೈತಿ."

ನಾಲ್ಕು ವರ್ಷವಾಗಿತ್ತು ಅವಳ ಬಾಯಲ್ಲಿ ನನ್ನ ಹೆಸರು, ಇಂದಕ್ಕ ಎಂದು, ಕೇಳಿ.

"ಅದರ ಹೆಸರು ನಿನಗ ಯಾರು ಹೇಳಿದ್ರು?"

"ದಿನಾ ನೂರು ಸಲ ಕರೀತೀರಿ, 'ನಮ್ಮವ್ವ, ಒಂದು ಹನಿ ನುಂಗು ಶಾವಗಿ' ಅಂತ. ನಾವೇನ್ ಕಿವುಡರೇನ್ರಿ?"

ನಾನು ಹಾಗೆಲ್ಲ ಅಂದ ನೆನಪಿಲ್ಲ. ಅವಳಿಗೆ ಮೊದಲಿನಿಂದಲೂ ಇಲ್ಲದ್ದನ್ನು ಹಚ್ಚಿ ಹೇಳುವ ಚಾಳಿ ಇದೆ.

ಮೇ ೮, ಗುರುವಾರ

ಟ್ಯಾಂಕರ್ ನಿನ್ನೆ ಬಂತು. ದಸ್ತಗೀರಸಾಬರು ಕೊಲ್ಹಾರದಿಂದ ತಂದ ಕ್ಯಾನುಗಳಲ್ಲಿ ಒಂದು ನಮ್ಮ ಮನೆಗೆ ಬಂದಿದೆ. ನಾನು ಕೇಳಿರಲಿಲ್ಲ.

ಇಂದು ಮುಂಜಾನೆ ಶಾವಿಗೆ ತಾನಾಗಿ ಎದ್ದು ಬಟ್ಟಲಿಗೆ ಬಾಯಿ ಹಾಕಿತು. ಪಚಪಚ ಸಪ್ಪಳ. ಒಳ್ಳೆಯ ಸಂಗೀತ ಕಚೇರಿಗಳನ್ನು ಕೇಳಿದ್ದೇನೆ, ಇಷ್ಟು ಹೊತ್ತು ಕೂತು ಕೇಳಿರಲಿಲ್ಲ. ಕುಡಿದಾದ ಮೇಲೆ ಬಟ್ಟಲನ್ನು ಕಾಲಿನಿಂದ ಮಗುಚಿ ಹಾಕಿತು. ಎಷ್ಟು ಜಾಣ ಪ್ರಾಣಿ.

ಚಾಪುಡಿ ಬ್ಯಾರಲ್ಲಿನ ಬೀಗದ ಕೀಲಿಯನ್ನು ಎಲ್ಲಿಯೋ ಒಯ್ದು ಮುಚ್ಚಿಟ್ಟಿದೆ. ಅದಕ್ಕೇ ಬೀಗ ಹಾಕುವುದನ್ನು ಬಿಟ್ಟಿದ್ದೇನೆ, ಬೇರೆ ಕಾರಣವಿಲ್ಲ. ಹುಡುಕಿದರೆ ಸಿಗಬಹುದು. ಪುರುಸೊತ್ತಿಲ್ಲ.

ಮೇ ೧೦, ಶನಿವಾರ

ನಳ ಬಂತು. ನಾನು ಮೋಟರ್ ಹಚ್ಚಲಿಲ್ಲ, ಜೋಹರಾಳೂ ಹಚ್ಚಲಿಲ್ಲ. ಇಬ್ಬರ ಮನೆಗೂ ನೀರು ಬಂತು. ಇದು ಹೇಗೆಂದು ವಿಜ್ಞಾನದ ಪುಸ್ತಕದಲ್ಲಿ ನೋಡಬೇಕು.

ಓಣಿಯೆಲ್ಲ ಕೊಡ ಬೋರಲು ಹಾಕಿ ಹಳೆಯ ನೀರು ಚೆಲ್ಲಿತು. ಯಾರೂ ಏನೂ ಕಲಿತಿಲ್ಲ. ನಾನು ಮಾತ್ರ ಕ್ಯಾನಿನ ನೀರು ಚೆಲ್ಲಲಿಲ್ಲ.

ನೀರು ತುಂಬುತ್ತಿರುವಾಗಲೇ ಪ್ರಿಯದರ್ಶಿನಿ ಕಾರಿನಲ್ಲಿ ಬಂದಳು. ಮನೆ ಸಿಕ್ಕಿದೆಯಂತೆ. ಹೊಸ ಮಾಲಕರಿಗೆ ಮೂಗು ಕಟ್ಟಿರುತ್ತದಂತೆ, ವಾಸನೆ ಗೊತ್ತಾಗುವುದಿಲ್ಲ.

"ದೊಡ್ಡವ್ವ, ದೇವರ ಕೋಣ್ಯಾಗ ಬಿಟ್ಟೀಯಲ್ಲ! ನಿನಗ ಬಾಳ ತ್ರಾಸಾತೇನು?"

"ಎಂಥಾ ತ್ರಾಸು. ಪಂಜರ ಒಂದ ಕಡೆ ಇದ್ದಿತ್ತು, ನಾ ಒಂದ ಕಡೆ ಇದ್ದೆ."

ಸಾತವ್ವ ಶಾವಿಗೆಯ ಮಾರಿ ಕೊನೆಯ ಸಲ ನೋಡಿ ಕೈ ಮುಗಿದಳು. ಜೋಹರಾ ಕೂಸನ್ನು ಎತ್ತಿಕೊಂಡು ಬಂದು ನಿಂತಿದ್ದಳು. ಕಾರು ಹೋಯಿತು. ದೇವರ ಕೋಣೆ ತೊಳೆದೆ. ವಾಸನೆ ಹೋಗಿಲ್ಲ. ಇರಲಿ, ನಾಳೆ ನೋಡೋಣ.

ಮೇ ೧೩, ಮಂಗಳವಾರ

ನೀರು ಕುದಿಸಿ ಆರಿಸಿದೆ. ಯಾರಿಗೆಂದು ಆಮೇಲೆ ನೆನಪಾಯಿತು. ನಾನೇ ಕುಡಿದೆ. ಸಪ್ಪೆ.

ಮೇ ೧೬, ಶುಕ್ರವಾರ

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ.

ನಿನ್ನೆ ಸಂಜೆ ಪ್ರಿಯದರ್ಶಿನಿಯ ಫೋನ್. ನೂಡಲ್ ನೀರು ಕುಡಿಯುತ್ತಿಲ್ಲವಂತೆ. ಪುಣೆಯ ನಳದ ನೀರು, ಅಂಗಡಿಯ ಬಾಟಲಿ ನೀರು, ಯಂತ್ರದಲ್ಲಿ ಸೋಸಿದ ನೀರು, ಎಲ್ಲವನ್ನೂ ಮೂಸಿ ನೋಡಿ ಮಗುಚಿ ಹಾಕುತ್ತದಂತೆ. "ಅಲ್ಲಿ ನೀ ಏನು ಕೊಡ್ತಿದ್ದಿ ದೊಡ್ಡವ್ವ? ಖರೇ ಹೇಳು."

ಕಾಯಿಸಿ ಆರಿಸಿದ್ದು ಎಂದೆ. ಇದು ಪೂರಾ ಖರೆ. ಮೊದಲಿನ ನಾಲ್ಕೈದು ದಿನದ್ದು ಕೇಳಲಿಲ್ಲ, ಹೇಳಲಿಲ್ಲ.

ಮುಂಜಾನೆ ನಳ ಬಂದಿರಲಿಲ್ಲ. ನಿನ್ನೆ ಹಿಡಿದ ನೀರು ಕುದಿಸಿ ಆರಿಸಿ ಕ್ಯಾನಿಗೆ ತುಂಬಿದೆ, ಕಂಠದ ತನಕ ಬರಲಿಲ್ಲ. ಜೋಹರಾ ತನ್ನ ಕೊಡದಿಂದ ಕುದಿಸಿ ತಂದು ಅದನ್ನು ತುಂಬಿಸಿದಳು. ಬಸ್ ನಿಲ್ದಾಣದ ತನಕ ಒಂದು ಕಡೆ ತಾನೇ ಹಿಡಿದುಕೊಂಡು ಬಂದಳು. ಅಲ್ಲಿ ಪರಶು ಸಿಕ್ಕ.

"ಎಲ್ಲಿಗಿ ಹೊಂಟ್ರಿ ಅಕ್ಕೋರ? ಯಾವಾಗ ಬರ್ತೀರಿ?"

"ನಾ ಬರೋತನಕ ನಳ ನಿಲ್ಲಬಾರದು. ಯಾವಾಗ ಬರ್ತೇನಿ ಅಂದ್ರ, ನಾಳಿ."

ಪುಣೆ ನೋಡಿ ಬಹಳ ವರ್ಷವಾಯಿತು, ಅದಕ್ಕೇ ಹೊರಟಿದ್ದೇನೆ. ಪ್ರಾಣಿಗಳ ಮೇಲೆ ನನಗೇನೂ ಮೋಹವಿಲ್ಲ. ಚಾಪುಡಿಗೆ ಎರಡು ಜೊತೆ ಕಾಲುಚೀಲ ಇಟ್ಟುಕೊಂಡಿದ್ದೇನೆ, ಹಳೆಯವು, ಹೇಗೂ ಎಸೆಯುವವು.

ಕ್ಯಾನು ನನ್ನ ಕಾಲುಗಳ ನಡುವೆ ಇದೆ. ವಿಜಯಪುರ ದಾಟಿದ ಮೇಲೆ ಕಂಡಕ್ಟರ್ ಅದನ್ನು ನೋಡಿ, "ಇದರಾಗ ಏನೈತ್ರಿ ಅಮ್ಮಾರ, ಇಷ್ಟು ಜ್ವಾಕಿ ಮಾಡಾಕತ್ತೀರಿ?" ಎಂದು ಕೇಳಿದ.

ತುಪ್ಪ ಎಂದೆ. ನಮ್ಮ ಊರಿನಿಂದ ಪುಣೆಗೆ ನೀರು ಒಯ್ಯುತ್ತಿದ್ದೇನೆ ಎಂದರೆ ಅವನು ನನ್ನನ್ನು ನಡುದಾರಿಯಲ್ಲೇ ಇಳಿಸುತ್ತಿದ್ದ.